ಆ ಕೈ ಯಾರದು? ಎಒ3 ಜೊತೆ ಆರು ವರ್ಷ

ಒಂದು ಪತ್ತೇದಾರಿ ಸರಣಿ. ಎರಡನೇ ಸೀಸನ್ನಿನ ನಾಲ್ಕನೇ ಕಂತು. ಸಾಕ್ಷಿ ವಸ್ತುಗಳನ್ನು ಇಡುವ ಕೋಣೆಯಲ್ಲಿ ಒಂದು ಕೈ ಬಂದು ರಟ್ಟಿನ ಪೆಟ್ಟಿಗೆಯೊಂದನ್ನು ಕಪಾಟಿನಲ್ಲಿ ಇಡುತ್ತದೆ. ಪೆಟ್ಟಿಗೆ ಸ್ವಲ್ಪ ಸೊಟ್ಟಗೆ ಕೂತಿರುತ್ತದೆ. ಆ ಕೈ ಹೋಗಿಬಿಡುವುದಿಲ್ಲ. ಒಂದು ಬೆರಳಿನಿಂದ ತಳ್ಳಿ, ಅಂಚಿಗೆ ಅಂಚು ಸರಿಮಾಡಿ, ಆಮೇಲೆ ಹೋಗುತ್ತದೆ. ಎರಡು ಸೆಕೆಂಡು ಅಷ್ಟೇ. ಮುಖ ಕಾಣುವುದಿಲ್ಲ. ಪತ್ತೇದಾರ ಒಳಗೆ ಬಂದು ಮಾತು ಶುರು ಮಾಡುತ್ತಾನೆ, ಎಲ್ಲರೂ ಅವನನ್ನು ನೋಡುತ್ತಾರೆ. ನಾನು ಮಾತ್ರ ರಿವೈಂಡ್ ಮಾಡಿ ಆ ಬೆರಳನ್ನೇ ನೋಡುತ್ತಾ ಕೂತೆ. ಯಾರದು ಅದು?

ಸರಣಿಯಲ್ಲಿ ಎಲ್ಲೂ ಉತ್ತರ ಇರಲಿಲ್ಲ. ಹಾಗಾಗಿ ನಾನೇ ಬರೆದೆ. ಅವಳ ಹೆಸರು ಇಳಾ. ಸಾಕ್ಷಿ ಕೋಣೆಯ ಗುಮಾಸ್ತೆ. ಎಡಗೈಯವಳು. ಬಲಗೈಗೆ ಮಾತ್ರ ಕೈಗವಸು ಹಾಕುತ್ತಾಳೆ, ಯಾಕೆಂದರೆ ಲೇಬಲ್ಲಿನ ಅಂಟು ಸರಿಯಾಗಿ ಕೂತಿದೆಯಾ ಅಂತ ಎಡಗೈ ಬೆರಳಿಗೆ ಗೊತ್ತಾಗಬೇಕು. ಈಗ ಅವಳ ಬಗ್ಗೆ 63 ಕಥೆಗಳಿವೆ. ಎಲ್ಲವೂ ಅಭಿಮಾನಿಗಳು ಕಥೆ ಬರೆದು ಹಾಕುವ ಎಒ3 ಎಂಬ ಜಾಲತಾಣದಲ್ಲಿವೆ. ಅದರ ಬಗ್ಗೆಯೇ ಈ ವಿಮರ್ಶೆ.

ನಾನು ಬರೆಯುವುದು ಫ್ಯಾನ್ ಫಿಕ್ಷನ್. ಅಂದರೆ ಬೇರೆ ಯಾರೋ ಕಟ್ಟಿದ ಲೋಕದೊಳಗೆ ನನ್ನ ಕಥೆ. ಅದರಲ್ಲೂ ಮೂಲದಲ್ಲಿ ಇಲ್ಲದ, ನಾನೇ ಹುಟ್ಟಿಸಿದ ಪಾತ್ರಗಳ ಕಥೆ. ಇಂಥ ಪಾತ್ರಗಳಿಗೆ ಈ ಹವ್ಯಾಸದವರು ಓಸಿ (ಒರಿಜಿನಲ್ ಕ್ಯಾರೆಕ್ಟರ್) ಅನ್ನುತ್ತಾರೆ. ನನಗೆ ಆಟಿಸಂ ಇದೆ. ಗೊತ್ತಾಗಿದ್ದು 34ನೇ ವಯಸ್ಸಿನಲ್ಲಿ. ಇದನ್ನೆಲ್ಲ ಮೊದಲೇ ಹೇಳುವುದಕ್ಕೆ ಕಾರಣ ಇದೆ. ಜನಪ್ರಿಯ ಜೋಡಿಗಳ ಪ್ರೇಮಕಥೆ ಹುಡುಕುವವರಿಗೆ ಈ ವಿಮರ್ಶೆಯಿಂದ ಏನೂ ಉಪಯೋಗ ಇಲ್ಲ. ಅಂಕ ಮಾತ್ರ ಬೇಕಿರುವವರಿಗೆ: ಐದಕ್ಕೆ ನಾಲ್ಕೂವರೆ. ಅರ್ಧ ಎಲ್ಲಿ ಹೋಯಿತು ಅಂತ ಮುಂದೆ ಬರುತ್ತದೆ.

ಎಒ3 ಅಂದರೆ ಆರ್ಕೈವ್ ಆಫ್ ಅವರ್ ಓನ್. ಇದನ್ನು ನಡೆಸುವುದು 2007ರಲ್ಲಿ ಹುಟ್ಟಿದ ಆರ್ಗನೈಸೇಶನ್ ಫಾರ್ ಟ್ರಾನ್ಸ್‌ಫಾರ್ಮೇಟಿವ್ ವರ್ಕ್ಸ್ ಎಂಬ ಲಾಭರಹಿತ ಸಂಸ್ಥೆ. 2009ರ ನವೆಂಬರಿನಲ್ಲಿ ಎಲ್ಲರಿಗೂ ತೆರೆಯಿತು. ಈಗ ಒಂದು ಕೋಟಿಗೂ ಜಾಸ್ತಿ ಕೃತಿಗಳಿವೆ. 2019ರಲ್ಲಿ ವಿಜ್ಞಾನ ಕಾದಂಬರಿ ವಲಯದ ಹ್ಯೂಗೋ ಪ್ರಶಸ್ತಿಯೂ ಬಂತು. ಕೆಲಸ ಮಾಡುವವರು ಸ್ವಯಂಸೇವಕರು, ದುಡ್ಡು ಬರುವುದು ದೇಣಿಗೆಯಿಂದ, ಜಾಹೀರಾತು ಒಂದೂ ಇಲ್ಲ. ನೋಡಲು ಹಳೇ ಗ್ರಂಥಾಲಯದ ಕಾರ್ಡ್ ಪೆಟ್ಟಿಗೆಯ ಹಾಗಿದೆ. ಇದನ್ನು ಕೆಲವರು ದೂರಾಗಿ ಹೇಳುತ್ತಾರೆ. ನನಗೆ ಇದು ಹೊಗಳಿಕೆ.

ಇದಕ್ಕೆ ಮೊದಲು ನಾನು ಬೇರೆ ಎರಡು ಕಡೆ ಇದ್ದೆ. ಹೆಸರು ಬೇಡ. ಮೊದಲನೆಯದು ಕಥೆ ಹಾಕುವ ಜಾಗ. ಅಲ್ಲಿ ಯಾವ ಕಥೆ ಮೇಲೆ ಬರಬೇಕು ಅಂತ ಯಾವುದೋ ಲೆಕ್ಕ ತೀರ್ಮಾನ ಮಾಡುತ್ತಿತ್ತು, ಆ ಲೆಕ್ಕ ಏನು ಅಂತ ಯಾರೂ ಹೇಳುತ್ತಿರಲಿಲ್ಲ. ಮಂಗಳವಾರ ಹಾಕಿದ ಅಧ್ಯಾಯವನ್ನು ತುಂಬ ಜನ ಓದಿದರು, ಗುರುವಾರದ್ದನ್ನು ಯಾರೂ ಮುಟ್ಟಲಿಲ್ಲ. ಕಾರಣ ಹುಡುಕುತ್ತಾ ಮೂರು ವಾರ ಒಂದು ಪಟ್ಟಿ ಮಾಡಿದೆ. ಏನೂ ಸಿಗಲಿಲ್ಲ. ಎರಡನೆಯದು ಪಾತ್ರ ಕಟ್ಟುವ ಆ್ಯಪ್. ನೂರು ಪ್ರಶ್ನೆಗಳ ಫಾರ್ಮು. ಎರಡು ದಿನ ತೆರೆಯದಿದ್ದರೆ ಒಂದು ಸಂದೇಶ ಬರುತ್ತಿತ್ತು: ನಿಮ್ಮ ಪಾತ್ರ ನಿಮ್ಮನ್ನು ಮಿಸ್ ಮಾಡಿಕೊಳ್ಳುತ್ತಿದೆ! ಇಳಾ ಯಾರನ್ನೂ ಮಿಸ್ ಮಾಡಿಕೊಳ್ಳುವವಳಲ್ಲ. ಎರಡು ದಿನ ಯಾರೂ ಬರದಿದ್ದರೆ ಅವಳಿಗೆ ಹಬ್ಬ. ಆ್ಯಪ್ ತೆಗೆದು ಹಾಕಿದೆ.

ಎಒ3 ನನಗೆ ಏನನ್ನೂ ಶಿಫಾರಸು ಮಾಡುವುದಿಲ್ಲ. ಹೊಸದು ಮೇಲೆ, ಹಳೆಯದು ಕೆಳಗೆ. ಬೇಕಿದ್ದರೆ ಪದಗಳ ಸಂಖ್ಯೆಯ ಪ್ರಕಾರ ಜೋಡಿಸಬಹುದು, ಮುಗಿದ ಕಥೆಗಳನ್ನು ಮಾತ್ರ ತೋರಿಸು ಎನ್ನಬಹುದು, ಬೇಡದ್ದನ್ನು ಹೊರಗೆ ಇಡಬಹುದು. ಜೋಡಿಸುವವಳು ನಾನು. ಗುರುವಾರದ ಕಥೆ ಯಾರೂ ಓದದಿದ್ದರೆ ಅದಕ್ಕೆ ಕಾರಣ, ಗುರುವಾರದ ಕಥೆ ಯಾರೂ ಓದಲಿಲ್ಲ ಅಷ್ಟೇ. ಇದರ ಸುಖ ಏನು ಅಂತ ಮೂರು ವಾರ ಪಟ್ಟಿ ಮಾಡಿದವರಿಗೆ ಮಾತ್ರ ಗೊತ್ತು.

ಈಗ ನನಗೆ ಅತಿ ಇಷ್ಟವಾದ ವಿಷಯ. ಒಂದು ಕಥೆ ಹಾಕುವಾಗ ಅದರಲ್ಲಿ ಯಾರ್ಯಾರ ನಡುವೆ ಎಂಥ ಸಂಬಂಧ ಇದೆ ಎಂದು ಟ್ಯಾಗ್, ಅಂದರೆ ಗುರುತಿನ ಚೀಟಿ, ಬರೆಯಬಹುದು. ಇಬ್ಬರ ಹೆಸರಿನ ನಡುವೆ ಓರೆಗೆರೆ ( / ) ಹಾಕಿದರೆ ಪ್ರೇಮ ಅಥವಾ ದೇಹ ಸಂಬಂಧ. & ಹಾಕಿದರೆ ಸ್ನೇಹ, ಕುಟುಂಬ, ಸಹೋದ್ಯೋಗ, ಪ್ರೇಮ ಅಲ್ಲದ ಏನು ಬೇಕಾದರೂ. ಮುಗಿಯಿತು. ಇಳಾ & ಪತ್ತೇದಾರ. ಓದುವವರಿಗೆ ಮೊದಲ ಸಾಲಿಗೂ ಮುಂಚೆ ಗೊತ್ತು, ಇವರಿಬ್ಬರೂ ಕೊನೆಗೆ ತಬ್ಬಿಕೊಳ್ಳುವುದಿಲ್ಲ ಅಂತ.

ಇದು ನಿಮಗೆ ಸಣ್ಣ ವಿಷಯ ಅನ್ನಿಸಬಹುದು. ನನಗೆ 22 ವರ್ಷ ಆಗಿದ್ದಾಗ ಒಬ್ಬ ಸಹೋದ್ಯೋಗಿ ಎಂಟು ತಿಂಗಳು ದಿನಾ ನನ್ನ ಪಕ್ಕ ಕೂತು ಊಟ ಮಾಡಿದ. ನಾನು ಅವನಿಗೆ ಲಿಪಿಗಳ ಇತಿಹಾಸ ಹೇಳುತ್ತಿದ್ದೆ. ಒಂದು ದಿನ ಅವನು, 'ಇಷ್ಟು ದಿನದಲ್ಲಿ ನಿನಗೆ ಅರ್ಥ ಆಗಲೇ ಇಲ್ವಾ?' ಎಂದು ಕೇಳಿದ. ಏನು ಅರ್ಥ ಆಗಬೇಕಿತ್ತು ಅಂತ ಅರ್ಥವಾಗಲು ಇನ್ನೂ ಎರಡು ದಿನ ಬೇಕಾಯಿತು. ನಾನು & ಅಂದುಕೊಂಡಿದ್ದೆ, ಅವನು / ಅಂದುಕೊಂಡಿದ್ದ. ಊಟದ ಮೇಜಿನ ಮೇಲೆ ಯಾರೂ ಟ್ಯಾಗ್ ಬರೆದಿರಲಿಲ್ಲ. ತಪ್ಪು ಅವನದೂ ಅಲ್ಲ, ನನ್ನದೂ ಅಲ್ಲ. ಆದರೆ ಈ ಎರಡು ಚಿಹ್ನೆಗಳಿಗೆ ಅರ್ಥ ಕೊಟ್ಟು ಬರೆದಿಟ್ಟ ಜಾಗ ಒಂದಿದೆ ಅಂತ ಗೊತ್ತಾದಾಗ ನಾನು ಎದ್ದು ಮನೆಯೆಲ್ಲ ಒಂದು ಸುತ್ತು ಹಾಕಿದೆ.

ಟ್ಯಾಗ್‌ಗಳ ಬಗ್ಗೆ ಇನ್ನೂ ಹೇಳಬೇಕು. ಲೇಖಕರು ತಮಗೆ ತೋಚಿದ ಹಾಗೆ ಟ್ಯಾಗ್ ಬರೆಯಬಹುದು. ಒಬ್ಬರು 'ನನ್ನದೇ ಪಾತ್ರ' ಅಂತ ಬರೆಯುತ್ತಾರೆ, ಇನ್ನೊಬ್ಬರು 'ಓಸಿ ಇದೆ', ಮತ್ತೊಬ್ಬರು 'ಹೊಸ ಹುಡುಗಿ ಬಂದಿದ್ದಾಳೆ'. ಯಂತ್ರಕ್ಕೆ ಇವು ಮೂರು ಬೇರೆ ಬೇರೆ ಪದ. ಇಲ್ಲಿ ಟ್ಯಾಗ್ ರ್‍ಯಾಂಗ್ಲರ್ ಎಂಬ ಸ್ವಯಂಸೇವಕರಿದ್ದಾರೆ. ಒಂದೇ ಅರ್ಥದ ಟ್ಯಾಗ್‌ಗಳನ್ನು ಹುಡುಕಿ, ಒಂದು ಮುಖ್ಯ ಟ್ಯಾಗಿಗೆ ಹಿಂದಿನಿಂದ ದಾರ ಕಟ್ಟುವುದು ಅವರ ಕೆಲಸ. ಲೇಖಕರು ಬರೆದ ಮಾತು ಹಾಗೇ ಇರುತ್ತದೆ, ಯಾರೂ ತಿದ್ದುವುದಿಲ್ಲ. ಆದರೆ ಮುಖ್ಯ ಟ್ಯಾಗ್ ಒತ್ತಿದವರಿಗೆ ಎಲ್ಲವೂ ಸಿಗುತ್ತವೆ. ಮನುಷ್ಯರು ಕೂತು, ಸಂಬಳ ಇಲ್ಲದೆ, ಇದನ್ನು ಮಾಡುತ್ತಾರೆ! ಇಳಾಳಿಗೆ ಕೆಲಸ ಬದಲಿಸುವ ಮನಸ್ಸಾದರೆ ಹೋಗುವುದು ಅಲ್ಲಿಗೇ.

ಒಂದು ಕೃತಿಗೆ ಮೂಲ ಸರಣಿ, ಪಾತ್ರ, ಸಂಬಂಧ, ಇತರೆ ಟ್ಯಾಗ್ ಎಲ್ಲ ಸೇರಿ 75ರ ಮಿತಿ ಇದೆ. ಮೊದಲು ಓದಿದಾಗ ಸಾಲುವುದಿಲ್ಲ ಅನ್ನಿಸಿತು. ಇದುವರೆಗೆ ನನಗೆ 40 ದಾಟಿಲ್ಲ.

ಈಗ ಕಲ್ಪನೆಯ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಇದನ್ನು ಬಿಟ್ಟರೆ ನಾಲ್ಕೂವರೆ ಯಾಕೆ ಅಂತ ಅರ್ಥವಾಗುವುದಿಲ್ಲ. 1979ರಲ್ಲಿ ಲೋರ್ನಾ ವಿಂಗ್ ಮತ್ತು ಜುಡಿತ್ ಗೌಲ್ಡ್ ಎಂಬ ಇಬ್ಬರು ಬ್ರಿಟಿಷ್ ಸಂಶೋಧಕಿಯರು ಆಟಿಸಂನಲ್ಲಿ ಮೂರು ತೊಡಕುಗಳು ಒಟ್ಟಿಗೆ ಬರುತ್ತವೆ ಎಂದು ತೋರಿಸಿದರು. ಜನರೊಡನೆ ಬೆರೆಯುವುದು, ಸಂವಹನ, ಮೂರನೆಯದು ಕಲ್ಪನೆ. ಅವರ ಕೆಲಸದಿಂದ ಎಷ್ಟೋ ಮಕ್ಕಳಿಗೆ ಸಹಾಯ ಸಿಕ್ಕಿತು, ಅದರ ಬಗ್ಗೆ ನನಗೆ ಗೌರವ ಇದೆ. ಆದರೆ ಆ ಮೂರನೇ ಪದ ಬಾಯಿಂದ ಬಾಯಿಗೆ ಹೋಗುತ್ತಾ 'ಅವರಿಗೆ ಕಲ್ಪನೆಯೇ ಇರಲ್ಲ' ಎಂದಾಯಿತು. ನನ್ನ ಆಟಿಸಂ ಪರೀಕ್ಷೆಯ ದಿನ ಒಂದು ಚೀಲದಿಂದ ಐದು ಸಣ್ಣ ವಸ್ತು ಆರಿಸಿಕೊಂಡು ಕಥೆ ಕಟ್ಟಿ ಎಂದರು. ನಾನು ಕೇಳಿದೆ, 'ಯಾವ ಲೋಕದಲ್ಲಿ?' ಅವರು ಯಾವುದಾದರೂ ಸರಿ ಅಂದರು. ಯಾವುದಾದರೂ ಸರಿ ಅಂದರೆ ನನಗೆ ಒಂದೂ ಇಲ್ಲ ಅಂದ ಹಾಗೆ. ಸುಮ್ನೆ ಕೂತೆ. ಕೊನೆಗೆ ಅವರು, 'ನಿಮಗೆ ಗೊತ್ತಿರುವ ಒಂದು ಲೋಕ ಹೇಳಿ' ಎಂದರು. ಆಮೇಲೆ ನನ್ನನ್ನು ನಿಲ್ಲಿಸಬೇಕಾಯಿತು.

2013ರಲ್ಲಿ ಬಂದ ಅಮೆರಿಕದ ಮನೋವೈದ್ಯರ ಕೈಪಿಡಿಯ ಐದನೇ ಆವೃತ್ತಿಯಲ್ಲಿ ಈ ಮಾತು ಸ್ವಲ್ಪ ಬೇರೆ ಥರ ಇದೆ. ಕಲ್ಪನೆಯ ಆಟವನ್ನು ಇತರರ ಜೊತೆ ಹಂಚಿಕೊಳ್ಳುವುದರಲ್ಲಿ ಕಷ್ಟ, ಅಂತ. ಹಂಚಿಕೊಳ್ಳುವುದರಲ್ಲಿ! ಈ ಒಂದು ಪದಕ್ಕೆ ನಾನು ಅಡಿಗೆರೆ ಹಾಕಿದ್ದೇನೆ. ನನ್ನ ತಲೆಯೊಳಗಿನ ಲೋಕಕ್ಕೆ ಯಾವತ್ತೂ ಬರ ಬಂದಿಲ್ಲ. ಚಿಕ್ಕಂದಿನಲ್ಲಿ ಅದನ್ನು ಇನ್ನೊಬ್ಬರಿಗೆ ಕೊಡುವುದು ಹೇಗೆ ಅಂತ ಗೊತ್ತಿರಲಿಲ್ಲ. 'ಬಾ, ಆಟ ಆಡೋಣ' ಎಂದು ಬಂದ ಮಕ್ಕಳು ಐದು ನಿಮಿಷಕ್ಕೊಮ್ಮೆ ನಿಯಮ ಬದಲಾಯಿಸುತ್ತಿದ್ದರು. ರಾಜ ಇದ್ದಕ್ಕಿದ್ದಂತೆ ನಾಯಿಯಾಗುತ್ತಿದ್ದ. ಎಒ3ಯಲ್ಲಿ ರಾಜ ನಾಯಿಯಾಗುವುದಾದರೆ ಮೊದಲೇ ಟ್ಯಾಗ್ ಇರುತ್ತದೆ.

ಇನ್ನೊಂದು ಕಡೆಯಿಂದಲೂ ಇದು ನನಗೆ ಹೊಂದುತ್ತದೆ. ಮಾನೋಟ್ರೊಪಿಸಂ ಎಂಬ ಒಂದು ವಿವರಣೆ ಇದೆ. ಡೈನಾ ಮರ್ರೆ ಮತ್ತು ಇನ್ನಿಬ್ಬರು 2005ರಲ್ಲಿ ಇದರ ಬಗ್ಗೆ ಪ್ರಬಂಧ ಬರೆದರು. ಸರಳವಾಗಿ ಹೇಳಿದರೆ, ಕೆಲವರ ಗಮನ ಹತ್ತು ಕಾಲುವೆಗಳಲ್ಲಿ ಸಣ್ಣಗೆ ಹರಿಯುತ್ತದೆ, ನಮ್ಮಂಥವರದು ಒಂದೆರಡು ಕಾಲುವೆಯಲ್ಲಿ ರಭಸವಾಗಿ. ಕಥೆಗೆ ಬೇಕಿರಲಿ ಬಿಡಲಿ, ಸಾಕ್ಷಿ ಕೋಣೆಯಲ್ಲಿ 14 ಸಾಲು ಕಪಾಟುಗಳಿವೆ ಅಂತ ನನಗೆ ಗೊತ್ತು. ಏಳನೇ ಸಾಲಿನ ಟ್ಯೂಬ್‌ಲೈಟ್ ಸದ್ದು ಮಾಡುತ್ತದೆ. ಅದಕ್ಕೇ ಇಳಾ ಏಳನೇ ಸಾಲಿನ ಕೆಲಸವನ್ನು ಬೆಳಗ್ಗೆಯೇ, ದೀಪ ಹಾಕುವ ಮೊದಲು, ಕಿಟಕಿಯ ಬೆಳಕಿನಲ್ಲಿ ಮುಗಿಸುತ್ತಾಳೆ. ಇದನ್ನು ಊಟದ ಮೇಜಿನಲ್ಲಿ ಹೇಳಿದರೆ ಜನ ಗಡಿಯಾರ ನೋಡುತ್ತಾರೆ. ಇಲ್ಲಿ ಅದು 2,300 ಪದಗಳ ಒಂದು ಕಥೆ. ಟ್ಯೂಬ್‌ಲೈಟಿನ ಬಗ್ಗೆ. ಅದನ್ನು ಓದಿ ಒಬ್ಬರು ಬರೆದರು: 'ನಾನೂ ಆ ಸದ್ದು ಕೇಳಿಸಿಕೊಳ್ಳುತ್ತೇನೆ. ನನಗೊಬ್ಬಳಿಗೇ ಅಂದುಕೊಂಡಿದ್ದೆ.' ಆರು ವರ್ಷದಲ್ಲಿ ಬಂದ ಟಿಪ್ಪಣಿಗಳಲ್ಲಿ ನನಗೆ ಬಾಯಿಪಾಠ ಇರುವುದು ಇದೊಂದೇ.

ಹಾಗಂತ ಓಸಿ ಬರೆದರೆ ಓದುಗರು ಮುಗಿಬೀಳುತ್ತಾರೆ ಅಂದುಕೊಳ್ಳಬೇಡಿ. ಜನ ಬರುವುದು ಅವರಿಗೆ ಆಗಲೇ ಪ್ರೀತಿ ಇರುವ ಪಾತ್ರಗಳಿಗಾಗಿ. ನನ್ನ ಪಾತ್ರ ಅವರಿಗೆ ಮದುವೆಮನೆಯಲ್ಲಿ ಸಿಕ್ಕ ಅಪರಿಚಿತೆ. ಅದರ ಮೇಲೆ ಮೇರಿ ಸ್ಯೂ ಎಂಬ ಬೈಗುಳ ಬೇರೆ. 1973ರಲ್ಲಿ ಸ್ಟಾರ್ ಟ್ರೆಕ್ ಎಂಬ ಟಿವಿ ಸರಣಿಯ ಅಭಿಮಾನಿಗಳ ಪತ್ರಿಕೆಯೊಂದರಲ್ಲಿ ಒಂದು ಅಣಕು ಕಥೆ ಬಂತು. ಅದರ ನಾಯಕಿ ಲೆಫ್ಟಿನೆಂಟ್ ಮೇರಿ ಸ್ಯೂ, ವಯಸ್ಸು ಹದಿನೈದೂವರೆ, ಪಡೆಯಲ್ಲೇ ಅತಿ ಕಿರಿಯಳು, ಎಲ್ಲದರಲ್ಲೂ ಮೇಲು. ಅಂದಿನ ಕಥೆಗಳಲ್ಲಿ ತುಂಬಿದ್ದ ಅತಿಶಯದ ಹುಡುಗಿಯರನ್ನು ಅಣಕಿಸಲು ಬರೆದದ್ದು. ತಮಾಷೆ ಚೆನ್ನಾಗಿಯೇ ಇತ್ತು. ಆದರೆ ಆ ಹೆಸರು ಅಲ್ಲಿಗೆ ನಿಲ್ಲಲಿಲ್ಲ. ಹೊಸ ಹೆಣ್ಣು ಪಾತ್ರ ಬಾಗಿಲು ತೆರೆದರೂ ಸಾಕು, ಮೇರಿ ಸ್ಯೂ ಅಂದುಬಿಡುತ್ತಾರೆ.

ಇಳಾ ನಾನೇನಾ ಅಂತ ಎಷ್ಟೋ ಜನ ಕೇಳಿದ್ದಾರೆ. ಅಲ್ಲ. ನನಗೆ ಲೇಬಲ್ ಅಂಟಿಸಲು ಬರುವುದಿಲ್ಲ, ಗುಳ್ಳೆ ಏಳುತ್ತದೆ. ಆದರೆ ನಿಜ ಹೇಳಬೇಕು. ನನಗೆ ಫೋನ್ ಕರೆ ಎತ್ತಲು ಯಾಕೆ ಕಷ್ಟ ಅಂತ ನನಗೇ ಗೊತ್ತಿರಲಿಲ್ಲ. 11ನೇ ಕಥೆಯಲ್ಲಿ ಇಳಾ ಫೋನ್ ಎತ್ತುವುದಿಲ್ಲ. ಯಾಕೆ ಎತ್ತುವುದಿಲ್ಲ ಅಂತ ಕಥೆಗಾಗಿ ಯೋಚಿಸಬೇಕಾಯಿತು: ಆ ಕಡೆಯವರು ಮಾತು ಮುಗಿಸಿದರಾ, ಉಸಿರು ತೆಗೆದುಕೊಳ್ಳಲು ನಿಲ್ಲಿಸಿದರಾ, ಅವಳಿಗೆ ಗೊತ್ತಾಗುವುದಿಲ್ಲ. ಬರೆದು ಮುಗಿಸಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ನನ್ನ ಬಗ್ಗೆ ಕೇಳಿದ್ದರೆ 'ಗೊತ್ತಿಲ್ಲ' ಅನ್ನುತ್ತಿದ್ದೆ.

ಓಸಿ ಇಷ್ಟವಿಲ್ಲದವರಿಗೂ ಇಲ್ಲಿ ಒಳ್ಳೆಯ ವ್ಯವಸ್ಥೆ ಇದೆ. ಅವರು ಆ ಟ್ಯಾಗನ್ನೇ ಫಿಲ್ಟರಿನಲ್ಲಿ ಹೊರಗೆ ಹಾಕಬಹುದು. ಆಮೇಲೆ ನನ್ನ ಕಥೆ ಅವರ ಕಣ್ಣಿಗೇ ಬೀಳುವುದಿಲ್ಲ. ಮೊದಲು ಇದರಿಂದ ಬೇಜಾರಾಗಿತ್ತು. ಈಗ ನೆಮ್ಮದಿ. ಬಂದವರು ಬೇಕೆಂದೇ ಬಂದವರು. ಇಷ್ಟವಾದರೆ ಕ್ಯೂಡೋಸ್ ಎಂಬ ಗುಂಡಿ ಒತ್ತುತ್ತಾರೆ. ಒಬ್ಬರು ಒಂದು ಕೃತಿಗೆ ಒಮ್ಮೆ ಮಾತ್ರ ಒತ್ತಬಹುದು. ಇಷ್ಟವಿಲ್ಲ ಎನ್ನಲು ಗುಂಡಿಯೇ ಇಲ್ಲ. ಟಿಪ್ಪಣಿಗಳನ್ನು ನಾನು ನೋಡಿದ ಮೇಲೇ ಕಾಣುವ ಹಾಗೆ ಇಡಬಹುದು, ಪೂರ್ತಿ ಮುಚ್ಚಲೂಬಹುದು. ಕಥೆಯ ಕೊನೆಯಲ್ಲಿ ನಾನು ಹೀಗೆ ಬರೆಯುತ್ತೇನೆ: 'ಒಂದೇ ಪದದ ಟಿಪ್ಪಣಿಯೂ ಸರಿ. ವ್ಯಂಗ್ಯ ನನಗೆ ತಿಳಿಯುವುದಿಲ್ಲ, ದಯವಿಟ್ಟು ನೇರವಾಗಿ ಹೇಳಿ.' ಜನ ಹಾಗೇ ಮಾಡುತ್ತಾರೆ. ಕೇಳಿದರೆ ಮಾಡುತ್ತಾರೆ ಅನ್ನುವುದು ನನಗೆ ತಡವಾಗಿ ಗೊತ್ತಾದ ಸಂಗತಿಗಳಲ್ಲಿ ಒಂದು.

ಸರಿ, ಆ ಅರ್ಧ ಅಂಕ. ಕಾಲು ಭಾಗ ಹೋಗಿದ್ದು ಜನ ಟ್ಯಾಗ್ ಬರೆಯುವ ರೀತಿಗೆ. ಕೆಲವರಿಗೆ ಟ್ಯಾಗ್ ಅಂದರೆ ಸ್ವಗತ. 'ಅಯ್ಯೋ ನಾನೇನು ಬರೆದೆ', 'ನಿದ್ದೆ ಬರುತ್ತಿಲ್ಲ', 'ಇದು ನನ್ನ ತಪ್ಪಲ್ಲ'. ಪೆಟ್ಟಿಗೆಯ ಲೇಬಲ್ಲಿನ ಮೇಲೆ ಲೇಬಲ್ ಬರೆದವರ ಮೂಡ್ ಬರೆದ ಹಾಗೆ. ಎಲ್ಲರಿಗೂ ನಗು ಬರುತ್ತದಂತೆ. ನಾನು ಪ್ರತಿಸಲ ಅದನ್ನು ಕಥೆಯ ವಿವರ ಎಂದೇ ಓದಿ, ಕೊನೆಯವರೆಗೂ ನಿದ್ದೆ ಬಾರದ ಪಾತ್ರಕ್ಕಾಗಿ ಹುಡುಕುತ್ತೇನೆ.

ಇನ್ನು ಕಾಲು ಭಾಗ ಸಣ್ಣಪುಟ್ಟದ್ದಕ್ಕೆ. ಓದಲು ಖಾತೆ ಬೇಡ, ಆದರೆ ಬರೆಯಲು ಖಾತೆ ಬೇಕೆಂದರೆ ಆಹ್ವಾನಕ್ಕೆ ಸರದಿಯಲ್ಲಿ ಕಾಯಬೇಕು. ಅಧಿಕೃತ ಆ್ಯಪ್ ಇಲ್ಲ. ಪ್ರಕಟಿಸದ ಕರಡು ಒಂದು ತಿಂಗಳಷ್ಟೇ ಉಳಿಯುತ್ತದೆ, ಹಾಗಾಗಿ ಬರೆಯುವ ಕೆಲಸ ಬೇರೆ ಕಡೆ ಮಾಡಿ, ಇಲ್ಲಿ ತಂದು ಹಾಕುವುದೇ ಕ್ಷೇಮ. ಒಂದು ಎಚ್ಚರಿಕೆಯನ್ನೂ ಹೇಳಬೇಕು. ಇಲ್ಲಿ ವಯಸ್ಕರ ಕಥೆಗಳು, ಹಿಂಸೆಯ ಕಥೆಗಳು ಬೇಕಾದಷ್ಟಿವೆ. ದೊಡ್ಡ ಎಚ್ಚರಿಕೆಗಳಿಗೆ ನಾಲ್ಕು ನಿಗದಿತ ಟ್ಯಾಗ್ ಇವೆ. 'ಎಚ್ಚರಿಕೆ ಹಾಕದಿರಲು ಲೇಖಕರು ತೀರ್ಮಾನಿಸಿದ್ದಾರೆ' ಎಂಬ ಆಯ್ಕೆಯೂ ಇದೆ. ಅದನ್ನು ಕಂಡರೆ 'ಏನೂ ಇಲ್ಲ' ಎಂದು ಓದಬೇಡಿ, 'ಏನು ಬೇಕಾದರೂ ಇರಬಹುದು' ಎಂದು ಓದಿ. ಫಿಲ್ಟರ್ ಕಲಿಯದೆ ಒಳಗೆ ಹೋಗಬೇಡಿ.

ಕಣ್ಣಿಗೆ ಬಿಳಿ ಬೆಳಕು ಚುಚ್ಚುವವರಿಗೆ ರಿವರ್ಸಿ ಎಂಬ ಕಪ್ಪು ಹಿನ್ನೆಲೆಯ ಸ್ಕಿನ್, ಅಂದರೆ ಪುಟದ ಹೊರರೂಪ, ಇದೆ. ಪುಟದ ರೂಪ ಬದಲಿಸುವ ಸಿಎಸ್ಎಸ್ ಎಂಬ ಭಾಷೆ ಸ್ವಲ್ಪ ಬಂದರೆ ನಿಮ್ಮದೇ ಸ್ಕಿನ್ ಮಾಡಿಕೊಳ್ಳಬಹುದು. ನಾನು ನನ್ನದರಲ್ಲಿ ಎಷ್ಟು ಜನ ನೋಡಿದರು ಎಂಬ ಸಂಖ್ಯೆಯನ್ನೇ ಅಡಗಿಸಿದ್ದೇನೆ. ಸಂಖ್ಯೆ ಕಂಡರೆ ನಾನು ಪಟ್ಟಿ ಮಾಡುತ್ತೇನೆ, ಅದು ನನಗೆ ಗೊತ್ತು. ಕಥೆಗಳನ್ನು ಇ-ಪಬ್ ಎಂಬ ಇ-ಪುಸ್ತಕದ ರೂಪದಲ್ಲಿ ಇಳಿಸಿಕೊಳ್ಳಬಹುದು. ಮುಂದೆ ಎಂದಾದರೂ ನಿಮ್ಮ ಹೆಸರು ಬೇಡವೆನಿಸಿದರೆ ಕಥೆಯನ್ನು ಅಳಿಸದೆ ಅನಾಥ ಮಾಡಬಹುದು: ಕಥೆ ಉಳಿಯುತ್ತದೆ, ಬರೆದವರ ಹೆಸರು ಹೋಗುತ್ತದೆ.

ಡ್ರಾಬಲ್ ಎಂಬ ಒಂದು ಪ್ರಕಾರ ಇದೆ, ಸರಿಯಾಗಿ 100 ಪದಗಳ ಕಥೆ. 99 ಅಲ್ಲ, 101 ಅಲ್ಲ. ನಿಖರತೆ ಇಷ್ಟವಿರುವವರಿಗೆ ಇದಕ್ಕಿಂತ ಒಳ್ಳೆಯ ಆಟ ಇಲ್ಲ. ಕನ್ನಡದಲ್ಲಿ ಬರೆದರೆ ನಮಗೆ ಲಾಭವೂ ಜಾಸ್ತಿ. 'ಹೋಗಬೇಕಾಗಿರಲಿಲ್ಲವೇನೋ' ಅನ್ನುವುದು ಒಂದೇ ಪದ. ಇಂಗ್ಲಿಷಿನವರು ಅಷ್ಟು ಹೇಳುವಷ್ಟರಲ್ಲಿ ಅವರ ನೂರರಲ್ಲಿ ಏಳೆಂಟು ಖರ್ಚಾಗಿರುತ್ತದೆ.

ನನ್ನ ತಂಗಿ ಆಗಾಗ ಕೇಳುತ್ತಾಳೆ, 'ಅಕ್ಕಾ, ನಿಜವಾದ ಕಥೆ ಯಾವಾಗ ಬರೀತೀಯಾ? ಇದರಿಂದ ದುಡ್ಡು ಬರುತ್ತಾ?' ಬರುವುದಿಲ್ಲ. ಇಲ್ಲಿ ವ್ಯಾಪಾರದ ಪ್ರಚಾರಕ್ಕೆ ಜಾಗವೇ ಇಲ್ಲ, ನಿಯಮದಲ್ಲೇ ಬರೆದಿದೆ. ಹವ್ಯಾಸವನ್ನು ಸಂಪಾದನೆ ಮಾಡು ಅಂತ ಹೇಳದ ಜಾಗ ಸಿಗುವುದೇ ಕಷ್ಟ. ಆ ನಿಯಮವನ್ನೇ ಅವಳಿಗೆ ತೋರಿಸಿದೆ. 'ಓ, ನಿಯಮ ಇದೆಯಾ, ಹಾಗಾದ್ರೆ ನಿನಗೆ ಸರಿಹೋಯ್ತು ಬಿಡು' ಎಂದಳು. ಅದು ವ್ಯಂಗ್ಯವಾ ಅಂತ ಕೇಳಿದೆ. ಅರ್ಧ, ಅಂದಳು.

ಹೋದ ತಿಂಗಳು ಸರಣಿಯ ಹೊಸ ಸೀಸನ್ ಬಂತು. ಮೂರನೇ ಕಂತಿನಲ್ಲಿ ಸಾಕ್ಷಿ ಕೋಣೆಯನ್ನು ಪೂರ್ತಿ ತೋರಿಸಿದರು. ಕಪಾಟುಗಳು ಒಂಬತ್ತೇ ಸಾಲು. ಪೆಟ್ಟಿಗೆ ಇಡುವವನು ಒಬ್ಬ ಗಂಡಸು. ಐವತ್ತು ದಾಟಿದವನು, ಮೀಸೆ ಇದೆ, ಬಲಗೈಯವನು. ಹೆಸರೂ ಇಟ್ಟಿದ್ದಾರೆ. ನಾನು ಎರಡು ದಿನ ಏನೂ ಬರೆಯಲಿಲ್ಲ. ಆರು ವರ್ಷ, 63 ಕಥೆ, 14 ಸಾಲು.

ಮೂರನೇ ದಿನ ನೆನಪಾಯಿತು, ಇದಕ್ಕೂ ಒಂದು ಟ್ಯಾಗ್ ಇದೆ ಅಂತ. ಮೂಲ ಕಥೆಯಿಂದ ದಾರಿ ಬೇರೆಯಾದ ಲೋಕ, ಕ್ಯಾನನ್ ಡೈವರ್ಜೆನ್ಸ್. ಎಷ್ಟೋ ಜನ ಮೊದಲೇ ಇದೇ ಪೆಟ್ಟು ತಿಂದು, ಹೆಸರಿಟ್ಟು, ಕಪಾಟು ಮಾಡಿಟ್ಟಿದ್ದಾರೆ. ಒಂದೊಂದೇ ಕಥೆ ತೆರೆದು ಆ ಟ್ಯಾಗ್ ಸೇರಿಸಿದೆ. 63 ಸಲ. ಸಂಜೆಯಾಯಿತು.

64ನೆಯದು ಶುರುವಾಗಿದೆ. ಮೀಸೆಯವನು ವರ್ಗವಾಗಿ ಬಂದಿದ್ದಾನೆ, ಐದು ಸಾಲು ಕಡಿಮೆ ಇರುವ ಇನ್ನೊಂದು ಠಾಣೆಯಿಂದ. ಇಳಾ ಅವನಿಗೆ ಒಂದು ಕೈಗವಸು ಕೊಡುತ್ತಾಳೆ. ತನಗೆ ಯಾವತ್ತೂ ಬೇಕಾಗಿರದ ಎಡಗೈಯದು. ಇಬ್ಬರ ಹೆಸರಿನ ನಡುವೆ &.